ಒಗ್ಗರಣೆ ಎಣ್ಣೆಯ ಕ್ಯೂ

“ಎಲ್ಲಾರೂ ಸುಮ್ನಿರ್ರಿ!” ಎಂದು ಕ್ಲಬ್ಬಿನ ಆಟಗಾರ್ತಿ ಜೋಯಾ ಅಕ್ಕ, ನೆಟ್ಟಗಿದೆಯೇ ಎಂದು ನೋಡಲು ಹೊಸ ಕ್ಯೂವನ್ನು ಸ್ನೂಕರ್ ಟೇಬಲ್ಲಿನ ಹಸಿರು ಬಟ್ಟೆಯ ಮೇಲೆ ಉರುಳಿಸಿದಳು.

ಚೆಂಡು ಹೊಡೆಯುವ ಆ ಉದ್ದನೆಯ ಕೋಲು ಒಂದಿಷ್ಟೂ ಕುಣಿಯದೆ, ಸರಾಗವಾಗಿ ಉರುಳಿತು. ರಾಧಾ ಬಿಗಿಹಿಡಿದಿದ್ದ ಉಸಿರು ಬಿಟ್ಟಳು.

ಕ್ಯೂ ಮಾಡಿದವನು ಅವಳ ಅಪ್ಪ, ಬಡಗಿ ಗುರುಸಿದ್ದ. ಹೋದ ತಿಂಗಳು ಅವನು ಮಾಡಿದ ಮೊದಲ ಕ್ಯೂ ಇದೇ ಟೇಬಲ್ ಮೇಲೆ ಕುಂಟ ಕುರಿಯಂತೆ ಕುಪ್ಪಳಿಸಿತ್ತು. ಕ್ಲಬ್ಬಿನ ಹುಡುಗರೆಲ್ಲ ನಕ್ಕಿದ್ದರು. ಇದು ಎರಡನೆಯದು. ಇದೂ ಸರಿಬರದಿದ್ದರೆ ಜೋಯಾ ಅಕ್ಕ ಸಂಜೆಯ ಟ್ರೇನಿಗೆ ಹೈದರಾಬಾದಿಗೆ ಹೋಗಿ, ಮುಂದಿನ ತಿಂಗಳ ಮ್ಯಾಚಿಗೆ ಕಂಪನಿ ಕ್ಯೂ ತರುವವಳಿದ್ದಳು.

ಅಕ್ಕ ಒಂದು ಕಣ್ಣು ಮುಚ್ಚಿ ಕ್ಯೂವನ್ನು ತುದಿಯಿಂದ ತುದಿಗೆ ನೋಡಿದಳು. ಬೆರಳ ಮೇಲೆ ಅಡ್ಡ ಇಟ್ಟು ತೂಗಿದಳು.

“ನಾವೂ ಕೋಲು ಹಿಂಗ ನೋಡ್ತೀವಿ ತಂಗಿ,” ಎಂದ ರಾಧಾಳ ಅಜ್ಜ. ಕುರಿ ಕಾಯುವ ಹನುಮಂತ್ರಾಯಜ್ಜ ಗಬ್ಬೂರಿನಿಂದ ಬಸ್ಸಿನಲ್ಲಿ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮಿರಿಮಿರಿ ಮಿಂಚುವ ಕೋಲು.

“ಅಜ್ಜಾರ, ನೀವೂ ಒಂದು ಗೇಮ್ ಆಡ್ರಲ್ಲ!” ಎಂದ ಹುಲಗಪ್ಪ, ಕ್ಲಬ್ಬಿನ ಹುಡುಗರಲ್ಲಿ ಬಾಯಿ ಜೋರಿನವನು.

“ನನ್ನ ಕುರಿ ಕಾಯ್ತಿಯೇನು? ಹಂಗಾರ ಆಡ್ತೀನಿ.”

ಎಲ್ಲರೂ ನಕ್ಕರು. ಜೋಯಾ ಅಕ್ಕ ಬಗ್ಗಿ, ಎಡಗೈ ಬೆರಳುಗಳ ಮೇಲೆ ಕ್ಯೂ ಇಟ್ಟು ಹೊಡೆದಳು. ಕ್ಯೂ ನಡುವೆಯೇ ಗಕ್ಕನೆ ನಿಂತಿತು. ಬಿಳಿ ಚೆಂಡು ಎತ್ತಲೋ ಹೋಯಿತು. ಇನ್ನೊಮ್ಮೆ ಹೊಡೆದಳು. ಮತ್ತೆ ಅದೇ.

“ಗುರುಸಿದ್ದಣ್ಣ, ಕೋಲು ನೆಟ್ಟಗದ ರೀ. ಆದ್ರ ಕೈಯಾಗ ಜಾರವಲ್ದು. ಅಂಟಾಕತ್ತದ.”

ಅಪ್ಪ ಕ್ಯೂ ಸವರಿ ನೋಡಿದ. “ಮೊನ್ನಿ ಬಟ್ಟಿ ಸುತ್ತಿಡೋಮುಂದ ರೇಷ್ಮಿಗತೆ ಇತ್ತಲ್ಲ ತಂಗಿ... ನನ್ನ ಕೈ ಕೆಲಸಾನ ಸುಮಾರದ ಕಾಣ್ತದ. ನೀ ಹೈದರಾಬಾದಿಗೇ ಹೋಗಿಬಾ.”

ರಾಧಾಳ ಕಿವಿ ಬಿಸಿಯಾಯಿತು. ಕ್ಯೂಗೆ ಸುತ್ತಿದ್ದ ಆ ಬಟ್ಟೆ ಬಿಚ್ಚಿದ್ದು ಅವಳೇ. ಕ್ಯೂ ಅಜ್ಜನ ಕೋಲಿನಂತೆ ಮಿಂಚಲಿ ಎಂದು ಕದ್ದು ಎಣ್ಣೆ ಹಚ್ಚಿ, ಮೊದಲಿನಂತೆ ಸುತ್ತಿಟ್ಟಿದ್ದಳು. ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಗೊತ್ತಾಗುವುದೂ ಇಲ್ಲ.

ಅಪ್ಪ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ.

“ಯಪ್ಪಾ... ನಾನ. ನಾನ ಎಣ್ಣಿ ಹಚ್ಚೀನಿ.”

“ಎಣ್ಣಿ? ಯಾವ ಎಣ್ಣಿಬೇ?”

“ಕುಸುಬಿದು. ಒಗ್ಗರಣಿ ಹಾಕೋದು.”

“ಹಂಗಾರ ಎರಡು ಮಿರ್ಚಿನೂ ಕೊಡು!” ಎಂದ ಹುಲಗಪ್ಪ. ಜೋಯಾ ಅಕ್ಕನಿಗೂ ನಗು ತಡೆಯಲಾಗಲಿಲ್ಲ. ರಾಧಾಳಿಗೆ ಮಾತ್ರ ಅಳು ಬಂತು.

ಅಜ್ಜ ಅವಳ ಗಲ್ಲ ಒರೆಸಿದ. “ನಾ ಕೋಲಿಗೆ ಎಣ್ಣಿ ಹಚ್ಚೋದು ನೋಡಿದಿ. ಆಮ್ಯಾಲ ಎಂಟು ದಿನ ಕಂಬಳಿಲೆ ತಿಕ್ಕೋಮುಂದ ಸಾಲಿಗೆ ಹೋಗಿದ್ದೇನು?” ಎಂದು ಕಂಬಳಿ ಅವಳ ಕೈಗಿಟ್ಟ.

ಜೋಯಾ ಅಕ್ಕ ಗಡಿಯಾರ ನೋಡಿದಳು. “ಟ್ರೇನಿಗೆ ಇನ್ನಾ ಎರಡು ತಾಸದ. ತಿಕ್ಕು.”

ಅಪ್ಪ ನುಣುಪು ಪಾಲಿಶ್ ಪೇಪರಿನಿಂದ ಉಜ್ಜುತ್ತ ಮುಂದೆ ಹೋದ. ಹಿಂದೆಯೇ ರಾಧಾ ಕಂಬಳಿಯಿಂದ ತಿಕ್ಕಿದಳು. ತೋಳು ನೋಯಿತು. ಅಂಗೈ ಉರಿಯಿತು.

“ಯಪ್ಪಾ, ಹೊಳಪು ಹೊಂಟಿತಲ್ಲ!”

“ಹೋಗ್ಲಿ ಬಿಡು. ಕೈ ಬಿಡಬ್ಯಾಡ, ತಿಕ್ಕು.”

ಕೊನೆಗೆ ಜೋಯಾ ಅಕ್ಕ ಮತ್ತೆ ಬಗ್ಗಿದಳು. ಕ್ಯೂ ಬೆರಳುಗಳ ಮೇಲೆ ಸುಯ್ಯನೆ ಜಾರಿತು. ಟಕ್! ಕೆಂಪು ಚೆಂಡು ನೇರ ಹೋಗಿ ಮೂಲೆಯ ಪಾಕೆಟ್ಟಿಗೆ ಬಿತ್ತು. ಎರಡನೆಯದು ಪಾಕೆಟ್ಟಿನ ಬಾಯಲ್ಲೇ ನಿಂತುಬಿಟ್ಟಿತು.

“ಇದು ನನ್ನ ತಪ್ಪು, ಕ್ಯೂಂದಲ್ಲ!” ಎಂದು ನಕ್ಕ ಅಕ್ಕ ಮೊಬೈಲ್ ತೆಗೆದು ಟಿಕೆಟ್ ಕ್ಯಾನ್ಸಲ್ ಮಾಡಿದಳು. ಅಪ್ಪ ಕ್ಯೂ ಸುತ್ತಿ ತಂದಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಮನೆಗೆ ಹೋಗುವಾಗ ಅಜ್ಜ ತನ್ನ ಕೋಲನ್ನು ರಾಧಾಳ ಕೈಗೆ ಕೊಟ್ಟ. ಅವಳು ಅದರ ಹೊಳಪನ್ನು ನೋಡಲಿಲ್ಲ. ಕಣ್ಣು ಮುಚ್ಚಿ, ಬೆರಳುಗಳ ನಡುವೆ ಮೆಲ್ಲಗೆ ಜಾರಿಸಿದಳು.

“ಅಜ್ಜ, ಇದನ್ನ ಎಷ್ಟು ವರ್ಷ ತಿಕ್ಕೀದಿ?”

“ನಿಮ್ಮಪ್ಪ ನಿನ್ನಷ್ಟಿದ್ದಾಗಿಂದ.”

ರಾಧಾ ತನ್ನ ಕೆಂಪಾದ ಅಂಗೈಯನ್ನು ನೋಡಿಕೊಂಡಳು. ಆಮೇಲೆ ಅಜ್ಜನ ಹೆಗಲಿನಿಂದ ಇಳಿಬಿದ್ದ ಕಂಬಳಿಯ ತುದಿ ಹಿಡಿದು, ನಡೆಯುತ್ತಲೇ ಕೋಲನ್ನು ತಿಕ್ಕತೊಡಗಿದಳು.