ಎಳೆಯೋದಲ್ಲ, ಅದುಮೋದು

ನಂಜಪ್ಪ ಗುಂಡ್ಲುಪೇಟೆಗೆ ಹೆಣ್ಣು ನೋಡೋಕೆ ಹೋಗಿದ್ದನಂತೆ. ಅದಕ್ಕೇ ಚೇಕಾಡಿಯ ನಮ್ಮ ಹಾಡಿಯಿಂದ ಅವನ ಜೀಪು ಹತ್ತಿದ ನಾನು ತುಟಿ ಬಿಚ್ಚಿರಲಿಲ್ಲ. ಮೈಸೂರಿನ ಲ್ಯಾಬಲ್ಲಿ ನಾನೇ ಬೆಳೆಸಿದ ಸ್ಯಾಂಪಲ್ಲುಗಳ ಡಬ್ಬಿ ತೊಡೆ ಮೇಲಿತ್ತು. ಕಲ್ಪೆಟ್ಟದಲ್ಲಿ ಕೋಝಿಕ್ಕೋಡ್ ಬಸ್ಸು ಸಿಕ್ಕರೆ ಸಾಕು, ಅಲ್ಲಿನ ಲ್ಯಾಬಲ್ಲಿ ಇವುಗಳ ಗುಣ ಅಳೆಸಬೇಕು, ಇವನ ಮುಖ ಯಾರಿಗೆ ಬೇಕು. ಆದರೂ ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತಿತ್ತು.

"ಮಾತಿ, ಮುನಿಸಾ?" ಅಂತ ನನ್ನ ಹೆಸರು ಹಿಡಿದು ಕೇಳಿದ.

"ರಸ್ತೆ ನೋಡು."

ಕಾಡಲ್ಲಿ ನಕ್ಸಲರ ಪೋಸ್ಟರ್ ಸಿಕ್ಕ ವಾರ ಅದು. ತಿರುವಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಹೊಳೆಯಾಚೆಯಿಂದ ಕಾಡಿನ ನಕ್ಸಲರಿಗೆ ಅಕ್ಕಿ ಸಾಗಿಸೋ ಜೀಪಿಗಾಗಿ ಹುಡುಕಾಟ. ನಿನ್ನೆ ಹೀಗೇ ಕರೆದೊಯ್ದ ಇನ್ನೊಬ್ಬ ಜೀಪಿನವನು ಇನ್ನೂ ಮನೆಗೆ ಬಂದಿರಲಿಲ್ಲ.

ಎಸ್.ಐ. ನನ್ನ ಡಬ್ಬಿ ತೆರೆದ. ಒಳಗೆ ಉಗುರಿನಷ್ಟಗಲದ ಹರಳುಗಳು.

"ಬಾಂಬಿನ ಸಾಮಾನಾ?"

ನಾನು ಡಬ್ಬಿಗೆ ಕೈ ಚಾಚಿದೆ. ನಂಜಪ್ಪನೇ ಮಲಯಾಳದಲ್ಲಿ ಶುರುಮಾಡಿದ. "ಮುಟ್ಟಬೇಡಿ ಸಾರ್. ಹರಳಿನ ಮೇಲೆ ಬೇರಿಯಂ ಟೈಟನೇಟಿನ ತೆಳು ಫಿಲ್ಮಿದೆ. ಅದರೊಳಗೆ ವಿದ್ಯುತ್ತಿಗೆ ಒಂದು ದಿಕ್ಕಿರುತ್ತೆ, ತಿರುಗಿಸಿದ ಕಡೆ ತಿರುಗಿ ನಿಲ್ಲುತ್ತೆ. ಕೆಳಗಿನ ಹರಳು ಫಿಲ್ಮನ್ನ ಎಳೆದು ಹಿಡಿಯುತ್ತೆ, ಅದಕ್ಕೇ..."

"ಎಳೆಯೋದಲ್ಲ, ಅದುಮೋದು," ಅಂದುಬಿಟ್ಟೆ. "ಪಕ್ಕದಿಂದ ಅದುಮಿದ್ರೇ ಆ ದಿಕ್ಕು ನೆಟ್ಟಗೆ ಮೇಲಕ್ಕೆ ನಿಲ್ಲೋದು. ಬಿಸಿಗೂ ಬೇಗ ಕೆಡಲ್ಲ."

"ಸ್ಟ್ರಾನ್ಷಿಯಂ ಬೆರೆಸಿದ್ರೆ ಇನ್ನೂ ಗಟ್ಟಿ ಅಂದಿದ್ದೆಯಲ್ಲ?"

"ಯಾವಾಗ ಅಂದೆ? ಅದು ಜಾಸ್ತಿಯಾದಷ್ಟೂ ಕಡಿಮೆ ಬಿಸಿಗೇ ಗುಣ ಹೋಗುತ್ತೆ. ಎಷ್ಟು ಸಲ ಹೇಳಿದೀನಿ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು."

"ನೀನು ಹೇಳುವಾಗ ನಿನ್ನ ಮುಖ ನೋಡ್ತಿದ್ದೆ."

ಪೇದೆಯೊಬ್ಬ ನಕ್ಕ. ಎಸ್.ಐ. ನಗಲಿಲ್ಲ. "ಡಬ್ಬಿ ತಗೊಂಡು ನೀನು ಹೋಗು. ಇವನು ಠಾಣೆಗೆ ಬರಲಿ. ನಿನಗಿವನು ಏನಾಗಬೇಕು?"

"ಬಾಡಿಗೆ ಡ್ರೈವರ್ ಅನ್ನು," ನಂಜಪ್ಪ ಕನ್ನಡದಲ್ಲಿ ಪಿಸುಗುಟ್ಟಿದ. "ನನ್ನ ಜೊತೆ ನಿನ್ನ ಹೆಸರು ಕೆಡೋದು ಬೇಡ. ಬಸ್ಸು ಹಿಡಿ."

ಡ್ರೈವರ್ ಅಂದರೆ ನಾನು ಪಾರು. ಇವನ ಗತಿ?

"ನಾನು ಮದುವೆಯಾಗೋ ಹುಡುಗ ಇವನು, ಸಾರ್. ಕರ್ಕೊಂಡು ಹೋಗೋದಾದ್ರೆ ನಾನೂ ಬರ್ತೀನಿ."

ಎಸ್.ಐ. ಪೇದೆಗೆ ಸನ್ನೆ ಮಾಡಿದ. ಜೀಪಿನ ಹಿಂಬದಿ ಪೂರ್ತಿ ತಡಕಿಸಿದ. ಏನೂ ಸಿಗಲಿಲ್ಲ. "ಜಗಳ ಮನೇಲಿ ಆಡ್ಕೊಳ್ಳಿ," ಅಂತ ಡಬ್ಬಿ ಕೊಟ್ಟ.

ಸ್ವಲ್ಪ ದೂರ ಹೋಗಿ ನಂಜಪ್ಪ ಜೀಪು ನಿಲ್ಲಿಸಿದ. ಹಿಂದಕ್ಕೆ ತಿರುಗಿದ.

"ಗುಂಡ್ಲುಪೇಟೇಲಿ ಆ ಹೆಣ್ಣು ಬೇಡ ಅಂತ ಹೇಳಿಬಂದೆ ಕಣೇ. ನೀನು ಲ್ಯಾಬಿನವಳು, ನಾನು ಜೀಪಿನವನು. ನಿನ್ನನ್ನೇ ಆಗ್ತೀನಿ ಅನ್ನೋಕೆ ಬಾಯಿ ಬರಲಿಲ್ಲ."

ಸಿಟ್ಟೂ ಬಂತು, ಅಳುವೂ ಬಂತು. ಮುಂದಿನ ಸೀಟಿಗೆ ಬಂದು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಬಸ್ಸು ಹೋಗುತ್ತೆ, ಮಾತಿ."

"ಹೋಗಲಿ," ಅಂದೆ.