ಹೊಸೆದವನೇ ಮೊದಲು

ಮೇ ತಿಂಗಳ ಭಾನುವಾರ, ಬೆಳಿಗ್ಗೆ 11:20. ನವಲಿಯ ಹೊಳಿಯಮ್ಮ ಗಂಗಾವತಿಯ ಠಾಣೆಗೆ ದೂರು ತಂದಳು. ಹಿಂದಿನ ದಿನ ಹೇಮಗುಡ್ಡದ ಬಂಡೆ ಇಳಿಯುವಾಗ ಹಗ್ಗ ಹರಿದು ಅವಳ ಮಗ ದುರಗೇಶನ ಸೊಂಟ ಮುರಿದಿತ್ತು. ಹಗ್ಗ ಹೊಸೆದವನು ಅವನೇ, ತಪ್ಪೂ ಅವನದೇ ಎಂದು ಗೆಳೆಯರು ಕೈತೊಳೆದುಕೊಂಡಿದ್ದರು.

"ನನ್ನ ಮಗ ಹೊಸೆದ ಹಗ್ಗ ಹರಿಯಂಗಿಲ್ರಿ," ಎಂದಳು.

ತಾಯಂದಿರ ಇಂಥ ಮಾತನ್ನು ಹೆಡ್ ಕಾನ್‌ಸ್ಟೇಬಲ್ ತಿಮ್ಮಣ್ಣ ಬೇಕಾದಷ್ಟು ಕೇಳಿದ್ದ. ಆದರೂ ಪಿಎಸ್‌ಐ ಅನ್ನಪೂರ್ಣ ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು. ಇವನೂ ಗೊಣಗುತ್ತ ಹತ್ತಿದ.

ದುರಗೇಶನೂ ಸೇರಿ ಅವರು ನಾಲ್ವರು ಗೆಳೆಯರು. ಬೇಸಿಗೆಯ ಶನಿವಾರ ಬಂತೆಂದರೆ ಗುಡ್ಡ ಹತ್ತುವುದು, ಬೆಂಕಿಪೊಟ್ಟಣವಿಲ್ಲದೆ ಬೆಂಕಿ ಹೊತ್ತಿಸುವುದು, ಪುಂಡಿನಾರಿನ ಹಗ್ಗ ಹೊಸೆಯುವುದು. ಈ ಹುಚ್ಚು ಹಿಡಿಸಿದವನು ತಳಕಲ್ಲಿನ ಕಳಕೇಶ. ದುರಗೇಶ ಈ ವರ್ಷ ಸೇರಿದವನು. ಹಗ್ಗ ಹೊಸೆದವನೇ ಮೊದಲು ಅದನ್ನು ಹಿಡಿದು ಇಳಿಯಬೇಕು, ಇದು ಅವರ ಕಟ್ಟಳೆ.

1:10ಕ್ಕೆ ಬಂಡೆಯ ಬಳಿ ಪಂಚರ ಮುಂದೆ ಪಂಚನಾಮೆ ನಡೆಯಿತು. ದನದ ಹಗ್ಗ ಹೊಸೆದೇ ಬೆಳೆದ ತಿಮ್ಮಣ್ಣ ಹರಿದ ತುದಿ ಬಿಡಿಸಿ ನೋಡಿ ಬೆಚ್ಚಿದ. ಮೂರೆಳೆಗಳಲ್ಲಿ ಎರಡರ ತುಂಡನ್ನು ಚಾಕುವಿನಿಂದ ಕೊಯ್ದು ತೆಗೆದು, ಗೊತ್ತಾಗದಂತೆ ಮತ್ತೆ ಹೊಸೆದು ಮುಚ್ಚಿದ್ದರು.

"ಮಾಡಿದಾಂವಗ ಭಾಳ ಛಲೋ ಕೈ ಐತ್ರಿ ಮೇಡಂ," ಎಂದ. ಬರುವಾಗ ಆಸ್ಪತ್ರೆಯಲ್ಲಿ ದುರಗೇಶನ ಹೇಳಿಕೆ ಬರೆದುಕೊಂಡ.

ಸಂಜೆ 4:00. ಉಳಿದ ಮೂವರನ್ನೂ ಒಬ್ಬೊಬ್ಬರಾಗಿ ಕೂರಿಸಿ ನಾರು ಕೊಟ್ಟು, ಮೊಳದುದ್ದ ಹೊಸೆಯಿರಿ ಎಂದರು ಅನ್ನಪೂರ್ಣ. ಶಾಂತಕುಮಾರನದು ತೀರಾ ಸಡಿಲ. ಮುನವ್ವರನದು ಕೈಬಿಟ್ಟ ಕೂಡಲೇ ಬಿಚ್ಚಿಕೊಂಡಿತು. ಕಳಕೇಶ ಬಲು ಜಾಣ, ಬೇಕೆಂದೇ ಕೆಡಿಸತೊಡಗಿದ. ತಿಮ್ಮಣ್ಣ ದುರಗೇಶನ ಹಗ್ಗದ ತುಂಡು ತಂದು ಅವನ ಮುಂದಿಟ್ಟ.

"ಇಂಥಾ ಕೈ ಮತ್ತ್ಯಾರಿಗೂ ಇಲ್ಲ ಬಿಡಪ್ಪಾ."

ಕಳಕೇಶನ ಮುಖ ಕಪ್ಪಿಟ್ಟಿತು. ಹೊಸೆದಷ್ಟನ್ನೂ ಬಿಚ್ಚಿದ. ತೊಡೆಯ ಮೇಲೆ ನಾರಿಟ್ಟು ಮತ್ತೆ ಶುರು ಮಾಡಿದ. ಅಬ್ಬಾ, ಎಂಥ ಹಗ್ಗ! ಜೈಲು ಕಣ್ಣೆದುರಿಗಿದ್ದರೂ ಪುಣ್ಯಾತ್ಮನಿಗೆ ಎರಡನೆಯವನಾಗಿ ಉಳಿಯಲು ಆಗಲಿಲ್ಲ.

ಅವನ ಚೀಲ ಶೋಧಿಸಿದರು. ಬೆಂಕಿ ಹೊತ್ತಿಸಲು ಒಣನಾರು ಕೂಡಿಡುವ ಡಬ್ಬಿಯಲ್ಲಿ ಎಳೆಯ ತುಂಡುಗಳು ಸಿಕ್ಕವು. ಒಳ್ಳೆಯ ನಾರನ್ನು ಎಸೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ. ಅವು ಹಗ್ಗದ ಕೊಯ್ದ ತುದಿಗಳಿಗೆ ಸರಿಯಾಗಿ ಕೂಡಿದವು.

5:45ಕ್ಕೆ ಬಂಧನ. ತಿಮ್ಮಣ್ಣ ಹೊರಗೆ ಹೋಗಿ, ಹಗ್ಗದಲ್ಲಿ ತಪ್ಪಿರಲಿಲ್ಲ ಎಂದು ಹೊಳಿಯಮ್ಮನಿಗೆ ಹೇಳಿ ಬಂದ.

"ನಾಕು ವರ್ಷ ಇವರಿಗೆಲ್ಲಾ ನಾನು ಕಲಿಸೀನ್ರಿ," ಎಂದ ಕಳಕೇಶ, ಬಂಧನದ ಪತ್ರಕ್ಕೆ ಸಹಿ ಹಾಕುತ್ತ. "ಇಂವ ಬಂದ ಮ್ಯಾಲ ಎಲ್ಲಾರ ಬಾಯಾಗೂ ದುರಗೇಶನ ಹಗ್ಗ, ದುರಗೇಶನ ಬೆಂಕಿ. ಹೊಟ್ಟಿ ಉರೀತ್ರಿ."

ತಿಮ್ಮಣ್ಣ ಆಸ್ಪತ್ರೆಯ ಹೇಳಿಕೆ ತೆಗೆದು ಓದಿದ. "ಹಗ್ಗ ಹೊಸೆಯೋದು ಕಳಕೇಶಣ್ಣನ ಕೈ ನೋಡಿ ಕಲ್ತೀನ್ರಿ. ಅವನಷ್ಟು ಬಿಗಿ ನನಗಿನ್ನೂ ಬಂದಿಲ್ಲ."

ಇನ್ನೊಮ್ಮೆ ಓದಿ ಎಂದು ಕಳಕೇಶ ಕೇಳಿಕೊಂಡ. ತಿಮ್ಮಣ್ಣ ಓದಿದ.