ತೂಗಬಾರದ ಮೀನು

"ಗೇಣು ಹಾಕಿ ಸ್ವಾಮಿ, ಬೇಕಾದ್ರೆ ದಾರ ಹಿಡಿದು ಅಳೀರಿ. ತಕ್ಕಡಿ ಮಾತ್ರ ಈ ಮೀನಿಗೆ ತೋರಿಸ್ಬೇಡಿ."

ಮೀನು ಮಾರುವ ಗೇಣಜ್ಜಿ ತನ್ನ ಹಲಗೆಗೆ ಎರಡೂ ಕೈ ಅಡ್ಡ ಹಿಡಿದಿದ್ದಳು. ಎದುರಿಗೆ ನಿಂತ ಇನ್ಸ್‌ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. ತೂಕ ಮತ್ತು ಅಳತೆ ಇಲಾಖೆಗೆ ಸೇರಿ ಹನ್ನೊಂದು ವರ್ಷವಾಗಿತ್ತು. ತಳಕ್ಕೆ ಮೇಣ ಅಂಟಿಸಿದ ತಟ್ಟೆ ಕಂಡಿದ್ದ, ಒಳಗೆ ಟೊಳ್ಳು ಕೊರೆದ ತೂಕದ ಬಟ್ಟು ಕಂಡಿದ್ದ. ತಕ್ಕಡಿಯೇ ಇಲ್ಲದ ಮೀನು ಕಟ್ಟೆ ಕಂಡದ್ದು ಇದೇ ಮೊದಲು. ಈ ಊರಿಗೆ ವರ್ಗವಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ.

"ಯಾಕಜ್ಜಿ, ತೂಗಿದ್ರೆ ಮೀನಿಗೆ ದೃಷ್ಟಿ ಆಗುತ್ತಾ?"

"ಮೀನಿಗೇನೂ ಆಗಲ್ಲ," ಎಂದಳು ಅಜ್ಜಿ.

ಅವಳ ಬೆನ್ನ ಹಿಂದೆ ಜಲಾಶಯ ಕಣ್ಣು ಹಾಯುವಷ್ಟು ದೂರ ಹರಡಿತ್ತು. ಎರಡು ಗುಡ್ಡಗಳ ನಡುವೆ ಗೋಡೆ ಕಟ್ಟಿ ನಿಲ್ಲಿಸಿದ ನೀರು ಅದು. ಅದರಲ್ಲಿ ಯಾರೋ ಯಾವ ಕಾಲದಲ್ಲೋ ಬಿಟ್ಟ ಬಾಸ್ ಮೀನು ಹುಲುಸಾಗಿ ಬೆಳೆದು, ಈಗ ಊರಿಗೆ ಊರೇ ಅದರ ಹೆಸರಲ್ಲಿ ಬದುಕುತ್ತಿತ್ತು. ಮುಷ್ಟಿ ಹಿಡಿಸುವಷ್ಟು ದೊಡ್ಡ ಬಾಯಿಯ, ಹಸಿರು ಬೆನ್ನಿನ ಮೀನು. ಗಾಳ ಕಚ್ಚಿದರೆ ನೀರಿನಿಂದ ಮೇಲಕ್ಕೆ ಹಾರಿ ತಲೆ ಒದರುತ್ತದೆ. ಆ ಒಂದು ಒದರಾಟ ನೋಡಲೆಂದೇ ದೂರದೂರದಿಂದ ಗಾಳಗಾರರು ಬರುತ್ತಿದ್ದರು. ಊರಿನವರು ಹಿಡಿದದ್ದನ್ನು ಗೇಣಿನ ಲೆಕ್ಕದಲ್ಲಿ ಮಾರುತ್ತಿದ್ದರು. ಅಜ್ಜಿಗೆ ಆ ಹೆಸರು ಬಂದದ್ದೂ ಹಾಗೆಯೇ.

"ಕಾನೂನು ಅಂತ ಒಂದಿದೆ. ಮೀನು ಮಾರೋದು ಕೆಜಿ ಲೆಕ್ಕದಲ್ಲಿ," ಎಂದು ಇನ್ಸ್‌ಪೆಕ್ಟರ್ ಪೆಟ್ಟಿಗೆ ಬಿಚ್ಚಿ ಇಲಾಖೆಯ ತಕ್ಕಡಿಯನ್ನು ಹೊರಗೆ ತೆಗೆದ. ಸುತ್ತಲಿನ ಮೀನುಗಾರರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅಜ್ಜಿ ಸರಿಯಲಿಲ್ಲ, ತಗ್ಗಿದ ದನಿಯಲ್ಲಿ ಹೇಳತೊಡಗಿದಳು.

"ಈ ನೀರಿನ ಕೆಳಗೆ ನಮ್ಮ ಮನೆ ಇದೆ. ಅಮ್ಮ ಧಾನ್ಯ ತೂಗಿ ಮಾರ್ತಿದ್ಳು. ಅಣೆಕಟ್ಟಿನ ಬಾಗಿಲು ಹಾಕೋದು ಒಂದಿನ ಅಂದ್ರು, ಹಾಕಿದ್ದು ಅದರ ಹಿಂದಿನ ದಿನ. ಅಮ್ಮ ನನ್ನನ್ನ ಗುಡ್ಡದ ಮೇಲೆ ಬಿಟ್ಟು ವಾಪಸ್ ಹೋಗೋಷ್ಟರಲ್ಲಿ ನೀರು ಹೊಸಿಲು ದಾಟಿತ್ತು. ನನ್ನ ತಮ್ಮ ತೊಟ್ಟಿಲಲ್ಲೇ ಇದ್ದ. ಮಾರನೇ ದಿನ ನಷ್ಟ ಬರ್ಕೊಳ್ಳೋಕೆ ಒಬ್ಬ ಗುಮಾಸ್ತ ಬಂದ. ಧಾನ್ಯ ಎಷ್ಟು ಕೆಜಿ, ಕಬ್ಬಿಣ ಎಷ್ಟು ಕೆಜಿ ಅಂತ ಕೇಳಿ, ಕೊನೆಗೆ ಮಗು ಎಷ್ಟು ಕೆಜಿ ಅಂದ. ಅವನ ಕಾಗದದಲ್ಲಿ ಬೇರೆ ಜಾಗ ಇರ್ಲಿಲ್ಲವಂತೆ."

"ಆಮೇಲೆ?"

"ಅಮ್ಮ ಮಾಟದವನ ಹತ್ರ ಮೂರು ದಿನ ಇದ್ದು ಬಂದ್ಳು. ತಲೆ ಬೋಳಿಸಿ, ಆ ಕೂದಲಲ್ಲಿ ತನ್ನ ತಕ್ಕಡಿ ಸುತ್ತಿದ್ಳು. ಒಂದು ತಟ್ಟೆಗೆ ಎದೆಹಾಲು ಹಿಂಡಿದ್ಳು, ಇನ್ನೊಂದಕ್ಕೆ ಕೈ ಕುಯ್ದು ರಕ್ತ ಬಿಟ್ಳು. ನೀರಿಗೆ ಎಸೆದ್ಳು. ಈ ನೀರಲ್ಲಿ ಹುಟ್ಟಿದ್ದನ್ನ ಯಾರು ತೂಗ್ತಾರೋ, ಅಷ್ಟೇ ತೂಕದ ಜೀವ ಅವರ ಮನೆಯಿಂದ ಈ ನೀರಿಗೆ ಇಳೀಲಿ, ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಮ್ಮಿಯಿಲ್ಲ ಅಂದ್ಳು. ಆ ಗುಮಾಸ್ತ ಒಂದು ತಿಂಗಳು ದಿನಾ ಮೀನು ತೂಗಿ ತಿಂದ. ಕೂಡಿಸಿದ್ರೆ ಅವನಪ್ಪನ ತೂಕ ಆಯ್ತು, ಅವನಪ್ಪ ನೀರುಪಾಲಾದ. ನೀರು ಬಿಡಿಯಾಗೂ ತಗೊಳ್ಳುತ್ತೆ ಸ್ವಾಮಿ, ಕೂಡಿಸಿಯೂ ತಗೊಳ್ಳುತ್ತೆ."

ಇನ್ಸ್‌ಪೆಕ್ಟರ್ ಹಲಗೆಯ ಮೇಲಿನ ದೊಡ್ಡ ಮೀನನ್ನು ಎತ್ತಿ ತಕ್ಕಡಿಗೆ ಹಾಕಿದ. ಅದಕ್ಕಿನ್ನೂ ಜೀವವಿತ್ತು, ಕಿವಿರು ಮಿಡಿಯುತ್ತಿತ್ತು. ತಟ್ಟೆ ತಾಗಿದ್ದೇ ಅದು ಮರದ ತುಂಡಿನಂತೆ ಸ್ತಬ್ಧವಾಯಿತು.

"ಎರಡು ಕೆಜಿ ಏಳುನೂರ ಐವತ್ತು. ಎಲ್ಲಿ ಅಜ್ಜಿ, ಆಕಾಶ ಕಳಚಿ ಬಿತ್ತಾ?"

ಆಕಾಶ ಬೀಳಲಿಲ್ಲ. ಆದರೆ ಕಟ್ಟೆಯ ಕಲ್ಲಿಗೆ ಲೊಚಲೊಚ ಬಡಿಯುತ್ತಿದ್ದ ಅಲೆ ಎರಡು ಉಸಿರಿನಷ್ಟು ಹೊತ್ತು ನಿಂತು, ಮತ್ತೆ ಬಡಿಯತೊಡಗಿತು. ಅವನು ಅದನ್ನು ಗಮನಿಸಲಿಲ್ಲ. ತಕ್ಕಡಿ ಇಟ್ಟುಕೊಳ್ಳಬೇಕೆಂಬ ನೋಟೀಸನ್ನು ಅಜ್ಜಿಯ ಕೈಗೆ ತುರುಕಿ ಮನೆಗೆ ಹೊರಟ.

ಮನೆಯಲ್ಲಿದ್ದುದು ಅವನು, ತುಂಬು ಗರ್ಭಿಣಿ ಹೆಂಡತಿ, ಒಂದು ಬೂದು ಬೆಕ್ಕು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೊಟ್ಟೆ ತುಂಬಿತ್ತು. ಅವಳು ಎದ್ದರೆ ಎದೆ ಹಿಡಿದುಕೊಳ್ಳುವ, ಕೂತರೆ ದಿಂಬು ಸರಿಸುವ ಗಂಡ ಅವನು. ಪ್ರೀತಿ ತೋರಿಸಲು ಅವನಿಗೆ ಗೊತ್ತಿದ್ದ ದಾರಿಯೂ ತೂಕವೇ. ಭಾನುವಾರ ಬಂತೆಂದರೆ ಮೂವರನ್ನೂ ತೂಗಿ ಅಡುಗೆಮನೆ ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. "ನನ್ನನ್ನೇನು ಅಕ್ಕಿ ಮೂಟೆ ಅಂದ್ಕೊಂಡ್ರಾ?" ಎಂದು ಗೊಣಗುತ್ತಲೇ ಅವಳು ಹತ್ತಿ ನಿಲ್ಲುತ್ತಿದ್ದಳು.

ಅವತ್ತು ಸಂಜೆ ಅಜ್ಜಿಯ ಶಾಪದ ಕತೆಯನ್ನು ಹೆಂಡತಿಗೆ ನಗುತ್ತ ಹೇಳಿ ಮುಗಿಸಿದ ಮೇಲೆ ನೋಡಿದರೆ ಬೆಕ್ಕು ಇರಲಿಲ್ಲ. ಅದು ಮಲಗುತ್ತಿದ್ದ ಕಿಟಕಿ ಕಟ್ಟೆಯ ಮೇಲೆ ದುಂಡಗೆ ಒಂದು ಒದ್ದೆ ಗುರುತಿತ್ತು. ಕೊಳೆತ ಎಲೆ, ಕೆಸರು, ಹಳೆಯ ಮೀನು ಎಲ್ಲ ಬೆರೆತ ತಣ್ಣನೆಯ ವಾಸನೆ ಅಲ್ಲಿಂದ ಬರುತ್ತಿತ್ತು. ಕಿಟಕಿ ಒಳಗಿನಿಂದ ಚಿಲಕ ಹಾಕಿಯೇ ಇತ್ತು.

"ರೀ, ಆ ಮೀನು ಎಷ್ಟು ತೂಗಿತು ಅಂದ್ರಿ?"

"ಎರಡು ಏಳುನೂರ ಐವತ್ತು. ಯಾಕೆ?"

ಹೆಂಡತಿ ಅಡುಗೆಮನೆ ಬಾಗಿಲ ಹಿಂದೆ ಬೆರಳು ತೋರಿಸಿದಳು. ಬೆಕ್ಕಿನ ಸಾಲಿನಲ್ಲಿ ಅವನದೇ ಅಕ್ಷರ: ಎರಡು, ಏಳುನೂರ ಐವತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ಅವನು ನಕ್ಕ. ಅವಳು ನಗಲಿಲ್ಲ. ಅವನ ಕೈ ಹಿಡಿದೆಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

"ಇದರ ಮೇಲೆ ಆಣೆಯಿಟ್ಟು ಹೇಳಿ. ಆ ನೀರಿನದು ಏನನ್ನೂ ಇನ್ನು ತೂಗಲ್ಲ ಅಂತ."

"ಆಯ್ತು ಕಣೆ, ತೂಗಲ್ಲ," ಎಂದ. ಒಳಗಿನಿಂದ ಪುಟ್ಟ ಕಾಲು ಅಂಗೈಗೆ ಒದೆಯಿತು.

ಆಣೆ ಹನ್ನೆರಡು ದಿನ ಬಾಳಿತು. ಹದಿಮೂರನೆಯ ದಿನ ಜಲಾಶಯದಲ್ಲಿ ಗಾಳದ ಪಂದ್ಯ. ಪ್ರತಿ ವರ್ಷ ಉದ್ದ ಅಳೆದು ಗೆದ್ದವರನ್ನು ಹೇಳುತ್ತಿದ್ದರು. ಈ ಸಲ ಹೊರಗಿನಿಂದ ಬಂದ ಗಾಳಗಾರರು ತೂಕವೇ ಬೇಕೆಂದು ಪಟ್ಟು ಹಿಡಿದಿದ್ದರು. ಊರಿನವರು ಒಬ್ಬರೂ ತಕ್ಕಡಿ ಮುಟ್ಟಲು ಒಪ್ಪಲಿಲ್ಲ. ಪಂದ್ಯದ ಕಾರ್ಯದರ್ಶಿ ಬೆಳಿಗ್ಗೆಯೇ ಮನೆ ಬಾಗಿಲಿಗೆ ಬಂದು ನಿಂತ.

"ಸರ್ಕಾರದ ಮನುಷ್ಯರು ನೀವು. ನೀವೂ ಹೆದರ್ತೀರಾ ಸರ್?"

ಅಷ್ಟೇ ಸಾಕಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಹೆದರುಪುಕ್ಕಲ ಎನಿಸಿಕೊಳ್ಳುವುದಕ್ಕಿಂತ ದೊಡ್ಡ ಶಾಪವಿಲ್ಲ. ಆದರೂ ಬೆಕ್ಕಿನ ಸಾಲು ಕಣ್ಣ ಮುಂದೆ ಬಂತು. ಅದಕ್ಕೂ ಅವನು ಒಂದು ಉಪಾಯ ಹೂಡಿದ. ಅವತ್ತು ಭಾನುವಾರ, ಆಗಷ್ಟೇ ತೂಗಿದ್ದರು. ಹೆಂಡತಿ ಅರವತ್ತೊಂದು ಕೆಜಿ ಮುನ್ನೂರು ಗ್ರಾಂ. ತಾನು ಎಪ್ಪತ್ತೆರಡು ಆರುನೂರು. ಬಿಡಿಬಿಡಿಯಾಗಿ ಮೀನಿನಷ್ಟು ತೂಗುವ ಜೀವ ಮನೆಯಲ್ಲಿ ಈಗ ಇಲ್ಲ. ಹೆರಿಗೆಗೆ ಇನ್ನೂ ಮೂರು ವಾರವಿದೆ, ಮಗು ತಾಯಿಯ ತೂಕದೊಳಗೇ ಸೇರಿದೆ. ಕೂಡಿಸಿದ ಮೊತ್ತ ಆ ಎರಡು ಅಂಕಿ ಮುಟ್ಟದಂತೆ ನೋಡಿಕೊಂಡರಾಯಿತು. ಶಾಪ ಚಾಪೆ ಕೆಳಗೆ ನುಸುಳಿದರೆ ತಾನು ರಂಗೋಲಿ ಕೆಳಗೆ ನುಸುಳುತ್ತೇನೆ ಎಂದುಕೊಂಡ. ಹೆಂಡತಿಗೆ ಕಚೇರಿ ಕೆಲಸವೆಂದು ಹೇಳಿ ಹೊರಟ.

ಮಧ್ಯಾಹ್ನದ ಹೊತ್ತಿಗೆ ದೋಣಿಗಳು ಒಂದೊಂದಾಗಿ ದಡಕ್ಕೆ ಬಂದವು. ಬಿಸಿಲಿಗೆ ಮೀನಿನ ಲೋಳೆ ಒಣಗುವ ವಾಸನೆ ಗಂಟಲಿಗೆ ಅಂಟುತ್ತಿತ್ತು. ಅವನು ಒಂದೊಂದನ್ನೂ ತಟ್ಟೆಗೆ ಹಾಕಿ ತೂಕ ಕೂಗಿ, ಮನಸ್ಸಿನೊಳಗೆ ಕೂಡಿಸಿಕೊಳ್ಳುತ್ತಿದ್ದ. ತೂಗಿದ ಮೀನನ್ನು ಕೂಡಲೇ ಮತ್ತೆ ನೀರಿಗೆ ಬಿಡುತ್ತಿದ್ದರು. ಅದು ಪಂದ್ಯದ ನಿಯಮ.

"ನೋಡಜ್ಜಿ, ಜೀವಂತ ವಾಪಸ್ ಹೋಗ್ತಿದೆ. ನಿನ್ನ ನೀರಿಗೆ ಏನೂ ನಷ್ಟವಿಲ್ಲ."

"ನೀರಿಗೆ ಮೀನು ಬೇಡ ಸ್ವಾಮಿ. ತೂಕ ಬೇಕು," ಎಂದಳು ಗೇಣಜ್ಜಿ, ದೂರದಿಂದಲೇ.

ಪ್ರತಿ ಸಲ ಮುಳ್ಳು ನಿಂತಾಗ ಅಲೆಯೂ ನಿಲ್ಲುತ್ತಿತ್ತು. ಈಗ ಅವನಿಗೂ ಕೇಳಿಸಿತು. ಆ ಮೌನದಲ್ಲಿ ತಟ್ಟೆಯ ಮೇಲಿನ ಮೀನು ಬಾಯಿ ತೆರೆದು, ರೆಪ್ಪೆಯಿಲ್ಲದ ಕಣ್ಣಿನಿಂದ ಅವನನ್ನೇ ನೋಡುತ್ತಿತ್ತು. ಹತ್ತೊಂಬತ್ತು ಮೀನಿಗೆ ಐವತ್ತಮೂರು ಕೆಜಿ ಐನೂರ ಐವತ್ತು. ಇಪ್ಪತ್ತನೆಯದು, ಕೊನೆಯದು, ಒಂದು ಕೆಜಿ ಎಂಟುನೂರ ಐವತ್ತು. ಒಟ್ಟು ಐವತ್ತೈದು ನಾನೂರು. ಹೆಂಡತಿಯ ತೂಕಕ್ಕೆ ಸುಮಾರು ಆರು ಕೆಜಿ ಕಮ್ಮಿ.

"ಐವತ್ತೈದು ಕೆಜಿ ನಾನೂರು ಗ್ರಾಂ, ಅಜ್ಜಿ! ನಮ್ಮನೇಲಿ ಆ ತೂಕದವರು ಯಾರೂ ಇಲ್ಲ!"

ಅಜ್ಜಿ ಅವನ ಮುಖವನ್ನೇ ನೋಡಿದಳು. "ಮನೆಯವರನ್ನ ತೂಗಿದ್ದು ಯಾವಾಗ ಸ್ವಾಮಿ?"

"ಇವತ್ತು ಬೆಳಿಗ್ಗೆ."

ಅವಳು ಹಲಗೆ ಎತ್ತಿಕೊಂಡು, ಹಿಂತಿರುಗಿ ನೋಡದೆ ನಡೆದುಬಿಟ್ಟಳು. ಅಷ್ಟರಲ್ಲಿ ಅವನ ಜೇಬಿನ ಫೋನ್ ಹೊಡೆದುಕೊಂಡಿತು. ಆಸ್ಪತ್ರೆಯಿಂದ. ಬೆಳಿಗ್ಗೆ ಅವನು ಹೊರಟ ಬೆನ್ನಿಗೇ ನೋವು ಶುರುವಾಗಿ, ಪಕ್ಕದ ಮನೆಯವರು ಸೇರಿಸಿದ್ದರಂತೆ. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ.

ಅವನು ಕುಣಿಯುತ್ತ ಜೀಪು ಹತ್ತಿದ. ಅರ್ಧ ದಾರಿಯಲ್ಲಿ ಲೆಕ್ಕ ನೆನಪಾಯಿತು. ಮಗು. ಈಗ ಅದಕ್ಕೆ ಅದರದೇ ತೂಕವಿದೆ. ಇಪ್ಪತ್ತು ಮೀನುಗಳ ಇಪ್ಪತ್ತು ತೂಕ. ಅದರಲ್ಲಿ ಒಂದು ಸರಿಹೊಂದಿದರೂ ಸಾಕು.

ಗುಡ್ಡದ ಮೇಲಿನ ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ವಾರ್ಡಿಗೆ ನುಗ್ಗಿದ. ಫಿನಾಯಿಲ್ ವಾಸನೆ. ಕಿಟಕಿಯಾಚೆ, ಕೆಳಗೆ, ಸಂಜೆ ಬಿಸಿಲಿಗೆ ಮಿನುಗುವ ನೀರು. ಹಾಸಿಗೆಯ ಮೇಲೆ ಹೆಂಡತಿ, ಅವಳ ಮಗ್ಗುಲಲ್ಲಿ ಬಟ್ಟೆ ಸುತ್ತಿದ ಒಂದು ಪುಟ್ಟ ಕೆಂಪು ಮುಖ.

"ಮಗು ಎಷ್ಟು ಕೆಜಿ?" ಎಂದ ಏದುಸಿರಿನಲ್ಲಿ.

ನರ್ಸಮ್ಮ ನಕ್ಕಳು. "ಮೊದಲು ಮುಖ ನೋಡಿ ಸಾರ್! ಎರಡು ಒಂಬೈನೂರು."

ಎರಡು ಒಂಬೈನೂರು. ಅವನು ಕಣ್ಣು ಮುಚ್ಚಿ ಇಪ್ಪತ್ತನ್ನೂ ನೆನೆದ. ಮತ್ತೊಮ್ಮೆ ನೆನೆದ. ಇರಲಿಲ್ಲ. ಯಾವ ಮೀನೂ ಎರಡು ಒಂಬೈನೂರು ಇರಲಿಲ್ಲ. ಅವನು ಮಂಚದ ಅಂಚಿಗೆ ಕುಸಿದು ಮಗುವನ್ನು ಎತ್ತಿಕೊಂಡು ಅತ್ತುಬಿಟ್ಟ.

"ಅಯ್ಯೋ, ಹೆತ್ತವಳು ನಾನು, ಅಳೋರು ನೀವು," ಎಂದು ಹೆಂಡತಿ ಅವನ ತಲೆ ನೇವರಿಸಿದಳು. ಆಮೇಲೆ ಮೂಗು ಅರಳಿಸಿದಳು. "ಮೀನಿನ ವಾಸನೆ ಬರ್ತಿದೆ. ರೀ, ನೀವು ತೂಗಲಿಲ್ಲ ತಾನೇ?"

"ಇಲ್ಲ ಕಣೆ. ಆಣೆ ಮಾಡಿಲ್ವಾ?"

ಅವಳ ಮುಖ ತಿಳಿಯಾಯಿತು. ನರ್ಸಮ್ಮ ಅವಳ ತೋಳು ಹಿಡಿದು ಮೆಲ್ಲಗೆ ಎಬ್ಬಿಸಿದಳು. "ಬನ್ನಿ, ಒಂದು ನಿಮಿಷ ನಿಂತ್ಕೊಳ್ಳಿ. ತೂಕ ಬರ್ಕೋಬೇಕು."

"ಇಲ್ಲೂ ತೂಕಾನಾ!" ಎಂದು ನಗುತ್ತ ಅವಳು ಮೂಲೆಯಲ್ಲಿದ್ದ ತೂಕದ ಯಂತ್ರ ಹತ್ತಿದಳು. ಹಳೆಯ ಮುಳ್ಳಿನ ಯಂತ್ರ. ಮುಳ್ಳು ಓಲಾಡಿತು. ಐವತ್ತೇಳು. ಐವತ್ತನಾಲ್ಕು. ಐವತ್ತಾರು.

"ನೋಡ್ರೀ, ಒಂದೇ ದಿನದಲ್ಲಿ ಆರು ಕೆಜಿ ಇಳಿಸ್ಬಿಟ್ಟೆ," ಎಂದಳು. "ಐವತ್ತೈದು ನಾನೂರು."

ಮುಳ್ಳು ನಿಂತಿತು. ವಾರ್ಡಿನ ಸದ್ದೆಲ್ಲ ನಿಂತಿತು.

"ಇಳಿ! ಕೆಳಗಿಳಿ!"

ಅವನು ಕಿರುಚಿದ. ಅವಳಿಗೆ ಅರ್ಥವಾಗಲಿಲ್ಲ. ಅವಳ ಪಾದದ ಸುತ್ತ ನೀರು ಒಸರುತ್ತಿತ್ತು. ಕಂದು ನೀರು. ಕೆಸರಿನ ವಾಸನೆ. ಕೊಳೆತ ಎಲೆಯ ವಾಸನೆ. ಒಂದು ಕೈಯಲ್ಲಿ ಮಗು. ಇನ್ನೊಂದು ಕೈ ಚಾಚಿದ. ಬೆರಳು ಸಿಕ್ಕಿತು. ತಣ್ಣಗಿತ್ತು. ಲೋಳೆಯಾಗಿತ್ತು. ಅವಳು ಅವನನ್ನೇ ನೋಡುತ್ತಿದ್ದಳು. ರೆಪ್ಪೆ ಬಡಿಯಲಿಲ್ಲ. ಬಾಯಿ ತೆರೆಯಿತು, ಮುಚ್ಚಿತು. ತೆರೆಯಿತು. ಮಾತು ಹೊರಡಲಿಲ್ಲ. ಆದರೆ ಕಣ್ಣಲ್ಲಿ ತಿಳಿದಿತ್ತು. ಅವನು ತೂಗಿದ್ದಾನೆಂದು ಅವಳಿಗೆ ತಿಳಿದಿತ್ತು. ಕೈ ಜಾರಿತು.

ಯಂತ್ರದ ಮೇಲೆ ಎರಡು ಒದ್ದೆ ಹೆಜ್ಜೆ ಮಾತ್ರ ಉಳಿದವು. ಮುಳ್ಳು ಇನ್ನೂ ಐವತ್ತೈದು ನಾನೂರರಲ್ಲೇ ಇತ್ತು. ಕೆಳಗೆ ಎಲ್ಲೋ, ಬಹಳ ದೂರದಲ್ಲಿ, ನೀರಿಗೆ ಏನೋ ಬಿದ್ದ ಸದ್ದಾಯಿತು. ಆಗ ಮುಳ್ಳು ಸೊನ್ನೆಗಿಳಿಯಿತು. ನರ್ಸಮ್ಮ ಗೋಡೆಗೆ ಒರಗಿ ಕಿರುಚುತ್ತಲೇ ಇದ್ದಳು.

ನಾಲ್ಕು ದಿನ ದೋಣಿ ಹಾಕಿ ಹುಡುಕಿದರು. ಏನೂ ಸಿಗಲಿಲ್ಲ. ಐದನೆಯ ದಿನ ಅವನು ಮಗುವನ್ನು ಎದೆಗೆ ಅವುಚಿಕೊಂಡು ಪೊಲೀಸ್ ಠಾಣೆಯಲ್ಲಿ ಕೂತಿದ್ದ. ಹಸಿದ ಮಗು ಅಂಗಿಯ ಗುಂಡಿ ಚೀಪುತ್ತಿತ್ತು. ಮೇಜಿನಾಚೆಯ ಗುಮಾಸ್ತ ಕಾಣೆಯಾದವರ ನಮೂನೆಯನ್ನು ತುಂಬುತ್ತಿದ್ದ. ವಯಸ್ಸು ಕೇಳಿದ, ಎತ್ತರ ಕೇಳಿದ, ಮೈಬಣ್ಣ ಕೇಳಿದ.

"ನಿಮ್ಮ ಹೆಂಡತಿ ಎಷ್ಟು ಕೆಜಿ ಇದ್ರು? ಅಂದಾಜು ಸಾಕು."

"ಐವತ್ತೈದು ಕೆಜಿ ನಾನೂರು ಗ್ರಾಂ."

ಗುಮಾಸ್ತ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದ. "ಇಷ್ಟು ಸರಿಯಾಗಿ ಹೇಗೆ ಗೊತ್ತು?"

"ನಾನೇ ತೂಗಿದೆ," ಎಂದ ಇನ್ಸ್‌ಪೆಕ್ಟರ್.